ಹದಿಮೂರರ ಮಗ್ಗಿ

ನುಚ್ಚಕ್ಕಿಯಷ್ಟು, ಅಷ್ಟೇ.
ಮೇಲಿನ ಎರಡು ಹಲ್ಲಲ್ಲಿ ಎಡಗಡೆಯದರ ಮೂಲೆ.
ತೊಳೆದು ಬಿಸಿಲಿಗಿಟ್ಟ ಆನೆ ಸರಪಳಿ ಎಡವಿ
ಕೊಂಡಿಯ ಮೇಲೆ ಬಾಯಿಬಿದ್ದಳು ಜುವ್ವಿ.
ಅತ್ತದ್ದು ಸ್ವಲ್ಪ, ರಕ್ತ ಇನ್ನೂ ಸ್ವಲ್ಪ.
ನಾನು ಮೊರ ಹಿಡಿದು ಮಣ್ಣು ಕೇರಿ
ಚೂರನ್ನು ಹುಡುಕಿದೆ.
ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಹೋದದ್ದು ನುಚ್ಚು,
ಉಳಿದದ್ದು ಗರಗಸವೆಂದು ರಾತ್ರಿ ತಿಳಿಯಿತು.

ಇಪ್ಪತ್ತು ತಿಂಗಳಿಂದ ಕುಡಿದ ಬಾಯಿ ಅದೇ.
ಅದೇ ಕೈ, ನನ್ನ ಬಳೆಯೊಳಗೆ ಬೆರಳು ತೂರಿಸಿಕೊಂಡು.
ಗೋಡೆಗೆ ಕಾಲ್ಬೆರಳು ಒತ್ತಿ
ನಾನು ಮಗ್ಗಿ ಹೇಳತೊಡಗಿದೆ.
ಗಾಜನೂರಿನ ಸ್ಕೂಲಲ್ಲಿ ಏಟು ತಿಂದರೂ ಬಾರದ
ಹದಿಮೂರರ ಮಗ್ಗಿ.
ಹದಿಮೂರೊಂದ್ಲಿ ಹದಿಮೂರು.
ಹದಿಮೂರೆರಡ್ಲಿ ಇಪ್ಪತ್ತಾರು.
ತೊಂಬತ್ತೊಂದಕ್ಕೆ ಹಾಲು ಇಳಿಯಿತು,
ನೋವು ಮೊಂಡಾಯಿತು.

"ಬೇವಿನೆಣ್ಣೆ ಹಚ್ಚು, ತಾನೇ ಬಿಡ್ತಾಳೆ,"
ಅಂದರು ಅತ್ತೆ, ಐದು ಮಕ್ಕಳನ್ನು ಬಿಡಿಸಿದವರು.
ಹಚ್ಚಿದೆ.
ಜುವ್ವಿ ಒಮ್ಮೆ ನೆಕ್ಕಿದಳು, ಮುಖ ಸಿಂಡರಿಸಿದಳು,
ನನ್ನನ್ನೇ ನೋಡಿದಳು, ನಾನೇನೋ ಚೆಲ್ಲಿಕೊಂಡವಳ ಹಾಗೆ.
ಆಮೇಲೆ ತನ್ನ ಫ್ರಾಕಿನ ಅಂಚೆತ್ತಿ
ಚೆನ್ನಾಗಿ ಒರೆಸಿ
ಮತ್ತೆ ಬಾಯಿಟ್ಟಳು.
ಅತ್ತೆಯೇ ಮೊದಲು ನಕ್ಕದ್ದು.

ಮೆಗ್ಗಾನ್ ಆಸ್ಪತ್ರೆಗೆ ಹೋದೆವು.
ಹಲ್ಲಿನ ಡಾಕ್ಟರು ಇನ್ನೂ ಹುಡುಗಿ.
"ಬೇರಿಗೇನೂ ಆಗಿಲ್ಲ, ಅಂಚು ಒಂಚೂರು ಉಜ್ಜಿದರೆ ಸಾಕು,
ಬಾಯಿ ತೆಗಿ ಪುಟ್ಟಾ."
ಪುಟ್ಟ ತೆಗೆಯಲಿಲ್ಲ.
ಬಲೂನಿಗೆ ತೆಗೆಯಲಿಲ್ಲ, ಗೊಂಬೆಗೆ ತೆಗೆಯಲಿಲ್ಲ,
ಮೂವರು ಹಿಡಿದರೂ ತೆಗೆಯಲಿಲ್ಲ.
ವಾಪಸು ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತದ್ದೇ,
ನನ್ನ ಸೆರಗಿಗಾಗಿ ತೆಗೆದಳು.
ಹದಿಮೂರಾರ್ಲಿ ಎಪ್ಪತ್ತೆಂಟು.
ಪಕ್ಕದವಳು ಕೇಳಿದಳು, "ಯಾವ ದುವಾ ಅದು?"

ಇವರು ಸಕ್ರೆಬೈಲಿನಲ್ಲಿ ಕಾವಾಡಿ.
ನೋಯುವುದು ನನಗೆ, ಸಮಾಧಾನ ಇವರದ್ದು.
"ಆನೆಗೆ ಆರು ಸಲ ದವಡೆ ಹಲ್ಲು ಬರ್ತದೆ ಕಣೇ,
ಇವಳಿಗೆ ಎರಡೇ ಸಲ."
ನಾನು ಮಾತಾಡಲಿಲ್ಲ. ತಟ್ಟೆ ಜೋರಾಗಿ ಇಟ್ಟೆ.

ಆ ಭಾನುವಾರ ಬುತ್ತಿ ಕೊಡಲು ಹೋದಾಗ
ಮಂಗಳೆಗೆ ಕುಸುರೆ ತಿನ್ನಿಸುತ್ತಿದ್ದರು.
ಹುಲ್ಲಿನ ಉಂಡೆ ಹತ್ತಿರ ಬಂದದ್ದೇ ಸೊಂಡಿಲು ಮೇಲೆ,
ಕೆಳದುಟಿ ಕೆಳಗೆ,
ಒಳಗೆಲ್ಲ ಗುಲಾಬಿ, ಗುಹೆಯಷ್ಟು.
ಉಂಡೆ ಒಳಗೆ ಹೋಯಿತು. ಯಾವ ಹಲ್ಲಿಗೂ ತಾಗಲಿಲ್ಲ.
ನನ್ನ ಸೊಂಟದ ಮೇಲಿದ್ದ ಜುವ್ವಿ
ಆ ಅಂತ ಬಾಯಿ ತೆರೆದಳು,
ಮುರುಕು ಹಲ್ಲು ಬಿಸಿಲಿಗೆ ಬರುವಷ್ಟು.

ರಾತ್ರಿ ಅವಳನ್ನು ಎತ್ತಿ ಎದುರು ಕೂರಿಸಿಕೊಂಡೆ.
"ಮಂಗಳೆ ಹೆಂಗೆ ತಿಂದಳು?"
ಮೊದಲು ನಾನು ತೆರೆದೆ. ಕತ್ತಲಲ್ಲಿ ಕಾಣದೆಂದು
ಕೈಯಿಂದ ನನ್ನ ತುಟಿ ಮುಟ್ಟಿ ನೋಡಿದಳು.
ಆಮೇಲೆ ತಾನು. ದೊಡ್ಡದಾಗಿ.
ಗಲ್ಲ ಮೊದಲು ಒತ್ತಿ, ಮೂಗು ಮೇಲೆ ಮಾಡಿ,
ಕುಸುರೆಯ ಹಾಗೆ ಒಳಕ್ಕೆ ಕೊಟ್ಟೆ.
ಮೂವತ್ತೊಂಬತ್ತಕ್ಕೇ ನಿಂತಿತು ಮಗ್ಗಿ.

ಎಲ್ಲ ರಾತ್ರಿಯೂ ಹಾಗಲ್ಲ.
ನಿದ್ದೆ ಹತ್ತುವಾಗ ದವಡೆ ಜಾರಿ
ಗರಗಸ ಮತ್ತೆ ಅದೇ ಜಾಗಕ್ಕೆ ಬರುತ್ತದೆ.
ಆಗ ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿ
ಚಿಲಕ ತೆಗೆದಂತೆ ಬಿಡಿಸುತ್ತೇನೆ,
ನನ್ನದೇ ಹಾಲಿನ ಹನಿ ಗಾಯಕ್ಕೆ ಸವರಿ
ಗಾಳಿಗೆ ಬಿಡುತ್ತೇನೆ.
ಒಂದು ಸಲ ಕಪಾಳಕ್ಕೆ ಕೈ ಎತ್ತಿಯೂ ಬಿಟ್ಟಿದ್ದೆ.
ಅವಳು ಅದನ್ನೂ ಆಟವೆಂದುಕೊಂಡು
ಅಂಗೈಗೆ ಮುತ್ತಿಟ್ಟಳು.

ನಿನ್ನೆ ಮಲಗಿದ್ದವಳ ತುಟಿ ಸರಿಸಿ ಮುಟ್ಟಿ ನೋಡಿದೆ.
ಅಂಚು ನಯವಾಗಿದೆ ಅನ್ನಿಸಿತು.
ಅಥವಾ ನನ್ನ ಬೆರಳೇ ದಪ್ಪವಾಗಿರಬೇಕು, ಪಾತ್ರೆ ತಿಕ್ಕಿ ತಿಕ್ಕಿ.
ಹಿಂದೆ, ಒಸಡಿನಲ್ಲಿ,
ಹೊಸ ದವಡೆ ಹಲ್ಲೊಂದು ಗಟ್ಟಿಯಾಗಿ ಒತ್ತುತ್ತಿತ್ತು.

ಹದಿನಾಲ್ಕರ ಮಗ್ಗಿ ನನಗೆ ಬರುವುದಿಲ್ಲ.